ಕೋಕೊ ನಮ್ಮದು, ಹೆಸರು ಯಾರದು?

ನಂಜನಗೂಡು ತಾಲ್ಲೂಕಿನ ಬಿಳಿಗೆರೆಯಂತಹ ಹೋಬಳಿ ಕೇಂದ್ರದ ಯಾವುದೇ ಪೆಟ್ಟಿಗೆ ಅಂಗಡಿಯನ್ನು ಗಮನಿಸಿದರೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಾಳೆಗೊನೆ, ವೀಳ್ಯದೆಲೆ, ಬೀಡಿ ಕಟ್ಟುಗಳ ನಡುವೆ, ಗಲ್ಲಾಪೆಟ್ಟಿಗೆಗೆ ತೀರ ಸಮೀಪದಲ್ಲಿ, ಮಗುವಿನ ಕಣ್ಣಿಗೆ ನೇರವಾಗಿ ಕಾಣುವ ಎತ್ತರದಲ್ಲಿ ನೇರಳೆ ಮತ್ತು ಕೆಂಪು ಬಣ್ಣದ ಹೊದಿಕೆಗಳು ಸಾಲುಗಟ್ಟಿರುತ್ತವೆ. ಉಪ್ಪು, ಬೆಲ್ಲ, ಸೋಪು ಒಳಗಿನ ಕಪಾಟಿನಲ್ಲಿದ್ದರೆ ಚಾಕೊಲೇಟಿಗೆ ಮಾತ್ರ ಮುಂಭಾಗದ ಮಣೆ. ಈ ಜಾಗ ಅದಕ್ಕೆ ತಾನಾಗಿ ದೊರೆತದ್ದಲ್ಲ. ಅದರ ಹಿಂದೆ ದಶಕಗಳ ಜಾಹೀರಾತು, ಮಾರಾಟ ಪ್ರತಿನಿಧಿಗಳ ವಾರದ ಭೇಟಿ, ಅಂಗಡಿಯವನಿಗೆ ಸಿಗುವ ಕಮಿಷನ್ನು, ಎಲ್ಲವೂ ಸೇರಿವೆ.

ಹೆಸರಿನ ಬೆಲೆ ಏನೆಂಬುದು ನಂಜನಗೂಡಿನವರಿಗೆ ಹೊಸತೇನಲ್ಲ. ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಗುಲಾಬಿ ಬಣ್ಣದ ಹಲ್ಲುಪುಡಿ ಊರಿನ ಹೆಸರನ್ನೇ ಹೊತ್ತು ನಾಡಿನಾದ್ಯಂತ ಮನೆಮಾತಾಯಿತು. ದೊಡ್ಡ ಕಂಪನಿಗಳ ಪೇಸ್ಟುಗಳ ಅಬ್ಬರದಲ್ಲಿ ಅದು ಹಿಂದೆ ಸರಿದದ್ದೂ ಅಷ್ಟೇ ನಿಜ. ಇಲ್ಲಿನ ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ಸೊರಗು ರೋಗಕ್ಕೆ ಸಿಕ್ಕಿ ತೋಟಗಳು ಕರಗಿದವು. ಹೆಸರು ಉಳಿಯಿತು, ಹಣ್ಣು ವಿರಳವಾಯಿತು. ಸರಕು ಒಂದು, ಹೆಸರು ಮತ್ತೊಂದು. ಎರಡೂ ಒಟ್ಟಿಗೆ ಬದುಕಬೇಕೆಂಬ ನಿಯಮವಿಲ್ಲ.

ಈ ಮಾತನ್ನು ಚಾಕೊಲೇಟಿಗೆ ಅನ್ವಯಿಸಿದರೆ ಪ್ರಶ್ನೆಯೊಂದು ಏಳುತ್ತದೆ. ಕರ್ನಾಟಕದಲ್ಲಿ ಕೋಕೊ ಬೆಳೆಯುತ್ತದೆ. ರೈತರೇ ಮಾಲೀಕರಾಗಿರುವ ದೊಡ್ಡ ಚಾಕೊಲೇಟ್ ಕಾರ್ಖಾನೆಯೊಂದು ಪುತ್ತೂರಿನಲ್ಲಿ ಸುಮಾರು ನಾಲ್ಕು ದಶಕಗಳಿಂದ ನಡೆಯುತ್ತಿದೆ. ಹೀಗಿದ್ದೂ ಮೈಸೂರು ಸೀಮೆಯ ಮಗುವಿನ ಬಾಯಲ್ಲಿ ಮೊದಲು ಬರುವ ಹೆಸರು ಕ್ಯಾಂಪ್ಕೊ ಅಲ್ಲ ಏಕೆ?

ಅಡಿಕೆ ಮರದ ನೆರಳಿನಲ್ಲಿ

ಕೋಕೊ ನಮ್ಮ ನೆಲದ ಬೆಳೆಯಲ್ಲ, ದಕ್ಷಿಣ ಅಮೆರಿಕದ್ದು. ನೆರಳು, ತೇವ, ಬೆಚ್ಚನೆಯ ಹವೆ ಬಯಸುವ ಈ ಗಿಡಕ್ಕೆ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಅಡಿಕೆ ತೋಟಗಳು ಹೇಳಿ ಮಾಡಿಸಿದ ತಾಣ. 1948ರಲ್ಲಿ ಭಾರತಕ್ಕೆ ಬಂದ ಕ್ಯಾಡ್ಬರಿ ಮೊದಮೊದಲು ಹೊರಗಿನಿಂದ ತಂದ ಚಾಕೊಲೇಟನ್ನೇ ಇಲ್ಲಿ ಮಾರುತ್ತಿತ್ತು. ಕಾರ್ಖಾನೆ ಆರಂಭವಾದ ಮೇಲೆ ಬೀಜದ ಅಗತ್ಯ ಬಿದ್ದಿತು. 1960ರ ದಶಕದ ಮಧ್ಯಭಾಗದಿಂದ ಕಂಪನಿಯೇ ಕೇರಳದಲ್ಲಿ ಕೋಕೊ ಕೃಷಿಗೆ ಉತ್ತೇಜನ ನೀಡತೊಡಗಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಮತ್ತು ಅದರ ವಿಟ್ಲ ಕೇಂದ್ರ ಅಡಿಕೆಯ ನಡುವೆ ಕೋಕೊ ಬೆಳೆಯುವ ಕ್ರಮವನ್ನು ರೈತರಿಗೆ ತೋರಿಸಿಕೊಟ್ಟವು. ಎಪ್ಪತ್ತರ ದಶಕದಲ್ಲಿ ಧಾರಣೆ ಏರಿತು. ಅಡಿಕೆಯ ಬುಡದಲ್ಲೆಲ್ಲ ಕೋಕೊ ಸಸಿಗಳು ಎದ್ದವು.

ಆ ಉತ್ಸಾಹ ಬಹುಕಾಲ ಬಾಳಲಿಲ್ಲ. ದಶಕದ ಕೊನೆಯಲ್ಲಿ ಜಾಗತಿಕ ಬೆಲೆ ಕುಸಿಯಿತು, ಖರೀದಿದಾರರು ಹಿಂದೆ ಸರಿದರು. ಕೊಂಡುಕೊಳ್ಳುವವರು ಬೆರಳೆಣಿಕೆಯಷ್ಟಿರುವ ಬೆಳೆಯಲ್ಲಿ ರೈತನ ಸ್ಥಿತಿ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಭತ್ತವಾದರೆ ಬೇಯಿಸಿ ಉಣ್ಣಬಹುದು, ತೆಂಗಾದರೆ ಎಣ್ಣೆ ತೆಗೆಯಬಹುದು. ಕೋಕೊ ಬೀಜವನ್ನು ಮನೆಯಲ್ಲಿ ಇಟ್ಟುಕೊಂಡು ಮಾಡುವುದೇನು? ಕಾಯಿ ಒಡೆದ ಮೇಲೆ ಬಿಳಿ ಲೋಳೆ ಸಮೇತ ಹೊರಬರುವ ಹಸಿ ಬೀಜವನ್ನು ಕೂಡಲೇ ಹುದುಗಲು ಇಡಬೇಕು. ಐದಾರು ದಿನ ಮಗುಚುತ್ತ ಹುದುಗಿಸಿ, ಬಳಿಕ ಒಣಗಿಸಬೇಕು. ಹುದುಗು ಕೆಟ್ಟರೆ ಚಾಕೊಲೇಟಿನ ಪರಿಮಳವೇ ಹುಟ್ಟುವುದಿಲ್ಲ. ಅದೂ ಕರಾವಳಿಯ ಮಳೆಗಾಲದಲ್ಲಿ! ಹಲವರು ಗಿಡ ಕಡಿದರು.

ಅಡಿಕೆ ಬೆಲೆ ಕುಸಿತದಿಂದ ಕಂಗೆಟ್ಟ ಬೆಳೆಗಾರರನ್ನು ಒಗ್ಗೂಡಿಸಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಹುಟ್ಟಿಕೊಂಡ ಕ್ಯಾಂಪ್ಕೊ ಸಹಕಾರ ಸಂಸ್ಥೆ, 1980ರ ವೇಳೆಗೆ ಕೋಕೊ ಖರೀದಿಗೂ ಕೈಹಾಕಿದ್ದು ಈ ಹಿನ್ನೆಲೆಯಲ್ಲಿ. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ರೈತರ ಸಂಸ್ಥೆ ಅದು. ಕೊಂಡ ಬೀಜವನ್ನು ಎಲ್ಲಿ ಮಾರುವುದು ಎಂಬ ಸಮಸ್ಯೆಗೆ ಸಿಕ್ಕ ಉತ್ತರವೇ ಪುತ್ತೂರಿನ ಕೆಮ್ಮಿಂಜೆಯ ಚಾಕೊಲೇಟ್ ಕಾರ್ಖಾನೆ. 1986ರ ಸೆಪ್ಟೆಂಬರ್ 1ರಂದು ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಅಡಿಕೆ ಬೆಳೆಗಾರರು ಸೇರಿ ಬಹುರಾಷ್ಟ್ರೀಯ ಕಂಪನಿಗಳ ಕ್ಷೇತ್ರಕ್ಕೆ ಕಾಲಿಟ್ಟದ್ದು ಆ ಕಾಲಕ್ಕೆ ಸಾಮಾನ್ಯ ಧೈರ್ಯವಲ್ಲ.

ಎರಡು ವ್ಯಾಪಾರ, ಒಂದು ಕಾರ್ಖಾನೆ

ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಚಾಕೊಲೇಟ್ ಕಾರ್ಖಾನೆ ಎಂದರೆ ವಾಸ್ತವವಾಗಿ ಎರಡು ವ್ಯಾಪಾರಗಳ ಕೂಟ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಅರೆದರೆ ಕೋಕೊ ಮುದ್ದೆ. ಅದನ್ನು ಹಿಂಡಿದರೆ ಒಂದು ಕಡೆ ಕೋಕೊ ಬೆಣ್ಣೆ, ಇನ್ನೊಂದು ಕಡೆ ಹಿಂಡಿ. ಹಿಂಡಿಯನ್ನು ಪುಡಿ ಮಾಡಿದರೆ ಕೋಕೊ ಪುಡಿ. ಇವುಗಳನ್ನು ಬಿಸ್ಕತ್ತು, ಐಸ್‌ಕ್ರೀಮ್, ಬೇಕರಿ ತಯಾರಕರಿಗೆ ಮೂಟೆಗಟ್ಟಲೆ ಮಾರುವುದು ಮೊದಲನೆಯ ವ್ಯಾಪಾರ. ಅಲ್ಲಿ ಕೊಳ್ಳುವವನು ಕೊಬ್ಬಿನ ಪ್ರಮಾಣ, ಬಣ್ಣ, ದರ ಕೇಳುತ್ತಾನೆಯೇ ಹೊರತು ಹೆಸರನ್ನಲ್ಲ. ಅದೇ ಮುದ್ದೆಗೆ ಸಕ್ಕರೆ, ಹಾಲಿನ ಪುಡಿ, ಇನ್ನಷ್ಟು ಕೋಕೊ ಬೆಣ್ಣೆ ಸೇರಿಸಿ, ನಯವಾಗಿ ತಿರುವಿ, ಅಚ್ಚಿಗೆ ಸುರಿದು, ಬಣ್ಣದ ಹೊದಿಕೆ ಸುತ್ತಿ ಅಂಗಡಿಗೆ ಕಳುಹಿಸುವುದು ಎರಡನೆಯದು. ಇಲ್ಲಿ ಹೆಸರೇ ಸರ್ವಸ್ವ.

ಕ್ಯಾಂಪ್ಕೊ ಆರಂಭದಿಂದಲೂ ಎರಡನ್ನೂ ನಡೆಸಿಕೊಂಡು ಬಂದಿದೆ. ಕ್ಯಾಂಪ್ಕೊ ಬಾರ್, ಮೆಲ್ಟೊ, ಟರ್ಬೊ, ಕುಡಿಯುವ ಚಾಕೊಲೇಟ್ ಪುಡಿ ವಿನ್ನರ್ ಇತ್ಯಾದಿಗಳು ಅದರ ಸ್ವಂತ ಹೆಸರುಗಳು. ಜೊತೆಗೆ 90ರ ದಶಕದಲ್ಲಿ ನೆಸ್ಲೆ ಕಂಪನಿಗಾಗಿಯೂ ಪುತ್ತೂರಿನಲ್ಲಿ ಚಾಕೊಲೇಟ್ ತಯಾರಾಯಿತು. ಯಂತ್ರಗಳು ಬಿಡುವಿಲ್ಲದೆ ಓಡಿದವು, ಕೂಲಿ ಕೆಲಸದ ಹಣ ಬಂದಿತು, ಗುಣಮಟ್ಟದ ಶಿಸ್ತು ಕಲಿಯಲು ಸಾಧ್ಯವಾಯಿತು. ಆದರೆ ಗ್ರಾಹಕನ ನೆನಪಿನಲ್ಲಿ ಉಳಿದದ್ದು ಹೊದಿಕೆಯ ಮೇಲಿನ ಹೆಸರು. ಇದು ಮೋಸವಲ್ಲ, ಈ ಉದ್ಯಮದ ಸಹಜ ಲೆಕ್ಕ. ತಯಾರಿಸಿ ಕೊಡುವವನಿಗೆ ಕೂಲಿ, ಹೆಸರುಳ್ಳವನಿಗೆ ಲಾಭ.

ಹಾಗೆಂದು ಸಹಕಾರ ಸಂಸ್ಥೆ ಮೊದಲ ವ್ಯಾಪಾರಕ್ಕೆ ಒತ್ತು ಕೊಟ್ಟದ್ದು ತಪ್ಪೆನ್ನುವುದು ಆತುರದ ತೀರ್ಪಾದೀತು. ಅದರ ಮೊದಲ ಕರ್ತವ್ಯ ರೈತ ತಂದ ಬೀಜವನ್ನು ಕೊಳ್ಳುವುದು. ಬ್ರಾಂಡ್ ಕಟ್ಟುವುದೆಂದರೆ ಹತ್ತಾರು ವರ್ಷ ಹಣ ಸುರಿದು ಫಲಕ್ಕೆ ಕಾಯುವುದು. ಷೇರುದಾರ ರೈತನಾಗಿದ್ದಾಗ, ಈ ವರ್ಷದ ಬೀಜಕ್ಕೆ ಕೆಜಿಗೆ ಒಂದು ರೂಪಾಯಿ ಕಡಿಮೆ ಕೊಟ್ಟು ಆ ಹಣವನ್ನು ಟಿವಿ ಜಾಹೀರಾತಿಗೆ ಹಾಕುತ್ತೇವೆ ಎಂದು ಮಹಾಸಭೆಯಲ್ಲಿ ನಿಂತು ಹೇಳುವವರು ಯಾರು?

ಮಕ್ಕಳ ತಿಂಡಿ ದೊಡ್ಡವರದಾದ ಕಥೆ

ಅತ್ತ ಕ್ಯಾಡ್ಬರಿ ಏನು ಮಾಡಿತು ಎಂಬುದನ್ನು ನೋಡಿದರೆ ಬ್ರಾಂಡ್ ಕಟ್ಟುವ ವಿದ್ಯೆಯ ಬಗೆ ತಿಳಿಯುತ್ತದೆ. 1990ರ ದಶಕದ ಆರಂಭದವರೆಗೆ ಭಾರತದಲ್ಲಿ ಚಾಕೊಲೇಟ್ ಎಂದರೆ ಮಕ್ಕಳ ತಿಂಡಿ. ಪರೀಕ್ಷೆಯಲ್ಲಿ ಪಾಸಾದರೆ ಅಪ್ಪ ಕೊಡಿಸುವ ಬಹುಮಾನ. ದೊಡ್ಡವರು ರಸ್ತೆಯಲ್ಲಿ ಚಾಕೊಲೇಟ್ ಚಪ್ಪರಿಸುವುದು ನಾಚಿಕೆಯ ವಿಷಯವಾಗಿತ್ತು. 1994ರ ಆ ಪ್ರಸಿದ್ಧ ಜಾಹೀರಾತು ಈ ಬೇಲಿಯನ್ನು ಮುರಿಯಿತು. ಬ್ಯಾಟ್ಸ್‌ಮನ್ ಸಿಕ್ಸರ್ ಹೊಡೆದೊಡನೆ ಕೈಯಲ್ಲಿ ಡೈರಿ ಮಿಲ್ಕ್ ಹಿಡಿದ ಯುವತಿಯೊಬ್ಬಳು ಕಾವಲುಗಾರನನ್ನು ತಪ್ಪಿಸಿಕೊಂಡು ಮೈದಾನಕ್ಕೆ ನುಗ್ಗಿ ಕುಣಿಯುವ ದೃಶ್ಯ ಅನೇಕರಿಗೆ ಇಂದಿಗೂ ನೆನಪಿರಬಹುದು. ಒಗಿಲ್ವಿ ಸಂಸ್ಥೆಯಲ್ಲಿ ಅದನ್ನು ರೂಪಿಸಿದ ಪೀಯೂಷ್ ಪಾಂಡೆ 2025ರ ಅಕ್ಟೋಬರಿನಲ್ಲಿ ನಿಧನರಾದಾಗ ದೇಶದ ಪತ್ರಿಕೆಗಳೆಲ್ಲ ನೆನೆದದ್ದು ಈ ಜಾಹೀರಾತನ್ನೇ. ಅದರಲ್ಲಿ ಚಾಕೊಲೇಟಿನ ರುಚಿ, ಹಾಲು, ಪೌಷ್ಟಿಕತೆ ಯಾವುದರ ಮಾತೂ ಇರಲಿಲ್ಲ. ದೊಡ್ಡವರಿಗೂ ಮಗುವಾಗುವ ಹಕ್ಕಿದೆ ಎಂಬುದಷ್ಟೇ ಅದರ ಸಾರ.

ಮುಂದಿನ ಹೆಜ್ಜೆ ಇನ್ನೂ ಚತುರ. ಈ ದೇಶದಲ್ಲಿ ಚಾಕೊಲೇಟಿಗೆ ನಿಜವಾದ ಎದುರಾಳಿ ಇನ್ನೊಂದು ಚಾಕೊಲೇಟಲ್ಲ. ಮೈಸೂರು ಪಾಕ್, ಲಾಡು, ಪೇಡ. ಮದುವೆ ಗೊತ್ತಾದರೆ, ಮಗು ಹುಟ್ಟಿದರೆ, ಕೆಲಸ ಸಿಕ್ಕರೆ ‘ಬಾಯಿ ಸಿಹಿ ಮಾಡಿಕೊಳ್ಳಿ’ ಎನ್ನುವುದು ನಮ್ಮಲ್ಲಿ ಪದ್ಧತಿ. 2004ರ ಸುಮಾರಿಗೆ ಬಂದ ‘ಕುಛ್ ಮೀಠಾ ಹೋ ಜಾಯೇ’ ಎಂಬ ಘೋಷಣೆ ಆ ಪದ್ಧತಿಯ ಮಧ್ಯಕ್ಕೇ ಚಾಕೊಲೇಟನ್ನು ತಂದು ಕೂರಿಸಿತು. ದೀಪಾವಳಿಗೆ ಉಡುಗೊರೆ ಪೆಟ್ಟಿಗೆ, ರಕ್ಷಾಬಂಧನಕ್ಕೆ ಇನ್ನೊಂದು ಪೆಟ್ಟಿಗೆ. ಹೊಸ ಹಸಿವನ್ನು ಹುಟ್ಟಿಸುವುದಕ್ಕಿಂತ ಇರುವ ಹಸಿವಿಗೆ ಹೊಸ ಹೆಸರು ಕೊಡುವುದು ಸುಲಭ ಎಂಬುದು ಮಾರುಕಟ್ಟೆಯವರ ಹಳೆಯ ಅರಿವು.

ಈ ನಡುವೆ ಬ್ರಾಂಡಿಗೆ ಅಗ್ನಿಪರೀಕ್ಷೆಯೂ ಎದುರಾಯಿತು. 2003ರ ಅಕ್ಟೋಬರಿನಲ್ಲಿ, ಸರಿಯಾಗಿ ದೀಪಾವಳಿಯ ಮುನ್ನ, ಮಹಾರಾಷ್ಟ್ರದಲ್ಲಿ ಡೈರಿ ಮಿಲ್ಕ್ ಬಾರುಗಳಲ್ಲಿ ಹುಳು ಕಾಣಿಸಿದ ಸುದ್ದಿ ಹಬ್ಬಿತು. ಅಂಗಡಿಗಳಲ್ಲಿ ದಾಸ್ತಾನು ಇಟ್ಟ ರೀತಿಯೇ ಕಾರಣ ಎಂದು ಮೊದಲು ವಾದಿಸಿದ ಕಂಪನಿ, ಆ ವಾದದಿಂದ ನಂಬಿಕೆ ಮರಳದೆಂದು ಬೇಗ ಅರಿತುಕೊಂಡಿತು. ‘ವಿಶ್ವಾಸ್’ ಎಂಬ ಹೆಸರಿನಲ್ಲಿ ಅಂಗಡಿಕಾರರಿಗೆ ಶೇಖರಣೆಯ ತಿಳಿವಳಿಕೆ ನೀಡಿತು. ಸಡಿಲ ಕಾಗದದ ಸುತ್ತಿನ ಬದಲು ಬಿಸಿಯಿಂದ ಅಂಟಿಸಿದ ಬಿಗಿ ಹೊದಿಕೆ ತಂದಿತು. 2004ರ ಆರಂಭದಲ್ಲಿ ಅಮಿತಾಭ್ ಬಚ್ಚನ್ ತೆರೆಗೆ ಬಂದರು. ಮಾರಾಟ ಚೇತರಿಸಿಕೊಂಡಿತು. ನಟನ ಮುಖದಷ್ಟೇ, ಅಥವಾ ಅದಕ್ಕಿಂತ ಹೆಚ್ಚಾಗಿ, ಕೈಗೆ ತಾಗುವ ಆ ಬಿಗಿ ಹೊದಿಕೆ ಕೆಲಸ ಮಾಡಿತೆಂದೇ ಈ ಲೇಖಕನ ಅಭಿಪ್ರಾಯ. ಜನ ತಾರೆಯನ್ನು ಮೆಚ್ಚುತ್ತಾರೆ, ಆದರೆ ಮಗುವಿನ ಬಾಯಿಗೆ ಇಡುವ ಮುನ್ನ ನೋಡುವುದು ಪೊಟ್ಟಣವನ್ನು.

ಇಂಥದೇ ಪ್ರಕರಣವೊಂದು ನಂಜನಗೂಡಿಗೂ ತಟ್ಟಿತ್ತು. 1989ರಿಂದ ಇಲ್ಲಿರುವ ನೆಸ್ಲೆ ಕಾರ್ಖಾನೆಯಲ್ಲಿ ತಯಾರಾಗುವುದು ಕಾಫಿ ಪುಡಿ, ಮ್ಯಾಗಿ ಮುಂತಾದವು. 2015ರ ಜೂನಿನಲ್ಲಿ ಮ್ಯಾಗಿಗೆ ನಿಷೇಧ ಬಿದ್ದಾಗ ಉತ್ಪಾದನೆ ನಿಂತಿತು. ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಪಡಿಸಿತು, ಮರುಪರೀಕ್ಷೆಗಳು ನಡೆದವು. ಅಕ್ಟೋಬರ್ ಕೊನೆಯಲ್ಲಿ ಮತ್ತೆ ತಯಾರಿಕೆ ಆರಂಭಿಸಿದ ಮೂರು ಘಟಕಗಳಲ್ಲಿ ನಂಜನಗೂಡೂ ಒಂದು. ಐದು ತಿಂಗಳು ಅಂಗಡಿಯಲ್ಲಿ ಇಲ್ಲದ ಸರಕನ್ನು ಜನ ನೆನಪಿಟ್ಟುಕೊಂಡು ಕೇಳಿ ಪಡೆದರು. ಸ್ಥಳೀಯ ತಯಾರಕನೊಬ್ಬನಿಗೆ ಇದೇ ಗತಿ ಬಂದಿದ್ದರೆ ಆ ಐದು ತಿಂಗಳಲ್ಲಿ ಆತನ ಹೆಸರೇ ಅಳಿಸಿ ಹೋಗುತ್ತಿತ್ತು.

ಐದು ರೂಪಾಯಿಯ ಶಾಸ್ತ್ರ

ಜಾಹೀರಾತು ಮನಸ್ಸನ್ನು ಗೆಲ್ಲಬಹುದು. ಆದರೆ ಸರಕು ಬಿಳಿಗೆರೆ ತಲುಪಬೇಕಲ್ಲ! ಚಾಕೊಲೇಟಿನ ಮಟ್ಟಿಗೆ ಇದು ಸಣ್ಣ ಕೆಲಸವಲ್ಲ. ಕೋಕೊ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬಾಯಿಗಿಟ್ಟೊಡನೆ ಕರಗುವ ಸೊಗಸು ಬರುವುದು ಈ ಗುಣದಿಂದಲೇ. ಯೂರೋಪಿನಲ್ಲಿ ಇದು ವರ. ಏಪ್ರಿಲ್ ತಿಂಗಳಿನಲ್ಲಿ ತಗಡಿನ ಮಾಡಿನ ಅಂಗಡಿಯಲ್ಲಿ ಇದೇ ಶಾಪ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಚಾಕೊಲೇಟಿನ ಮೇಲೆ ಬಿಳಿ ಪೊರೆ ಬರುತ್ತದೆ. ತಿಂದರೆ ಅಪಾಯವಿಲ್ಲ, ಆದರೆ ಬೂಷ್ಟು ಹಿಡಿದಿದೆ ಎಂದು ಗ್ರಾಹಕ ಹಿಂದಿರುಗಿಸುತ್ತಾನೆ.

ಇದಕ್ಕೆ ಕಂಪನಿಗಳು ಕಂಡುಕೊಂಡ ಪರಿಹಾರ ಎರಡು. ಒಂದು, ಗಾಜಿನ ಬಾಗಿಲಿನ ಪುಟ್ಟ ಫ್ರಿಜ್ಜು. ಕಂಪನಿಯೇ ಅದನ್ನು ಅಂಗಡಿಗೆ ಕೊಡುತ್ತದೆ. ಬದಲಿಗೆ ಅದರೊಳಗೆ ತನ್ನ ಸರಕೇ ಇರಬೇಕೆಂದು ಬಯಸುತ್ತದೆ. ಅಂಗಡಿಯಲ್ಲಿ ಇರುವುದು ಅಂಥ ಒಂದೇ ಪೆಟ್ಟಿಗೆ, ಅದರ ಮೇಲೆ ಒಂದೇ ಹೆಸರು. ಎರಡನೆಯವನ ಸರಕು ಹೊರಗಿನ ಬಿಸಿಲಿನಲ್ಲಿ. ಇನ್ನೊಂದು, ಸರಕನ್ನೇ ಬದಲಿಸುವುದು: ಒಳಗೆ ಗರಿಗರಿ ವೇಫರ್ ಇಲ್ಲವೆ ಕ್ಯಾರಮೆಲ್, ಮೇಲೆ ತೆಳುವಾದ ಚಾಕೊಲೇಟ್ ಲೇಪ. ಪರ್ಕ್, ಮಂಚ್, ಕಿಟ್‌ಕ್ಯಾಟ್‌ಗಳ ಯಶಸ್ಸಿನಲ್ಲಿ ಇದರ ಪಾಲಿದೆ. ದುಬಾರಿ ಕೋಕೊ ಕಡಿಮೆ ಸಾಕು, ಕರಗುವ ಭಯವೂ ಕಡಿಮೆ, ತುಂಡು ದೊಡ್ಡದಾಗಿ ಕಾಣುತ್ತದೆ.

ಇನ್ನು ಬೆಲೆ. ನಮ್ಮಲ್ಲಿ ಚಾಕೊಲೇಟಿನ ಬೆಲೆಯನ್ನು ನಿರ್ಧರಿಸುವುದು ಕೋಕೊ ಮಾರುಕಟ್ಟೆಗಿಂತ ಹೆಚ್ಚಾಗಿ ನಾಣ್ಯ. ಒಂದು, ಎರಡು, ಐದು, ಹತ್ತು ಎಂಬ ಮೆಟ್ಟಿಲುಗಳನ್ನು ಬಿಟ್ಟು ಏಳು ರೂಪಾಯಿಯ ಚಾಕೊಲೇಟ್ ಮಾರುವುದು ಅಸಾಧ್ಯವೆಂದೇ ಹೇಳಬೇಕು. ಚಿಲ್ಲರೆ ಎಲ್ಲಿಂದ ತರುವುದು? ಹೀಗಾಗಿ ಖರ್ಚು ಏರಿದಾಗ ಬೆಲೆ ಏರುವುದಿಲ್ಲ, ತೂಕ ಇಳಿಯುತ್ತದೆ. ಹೊದಿಕೆ ಅಷ್ಟೇ ಉದ್ದ, ಒಳಗಿನ ಪಟ್ಟಿ ಮಾತ್ರ ತೆಳು. ಗ್ರಾಂ ಸಂಖ್ಯೆಯನ್ನು ಓದುವ ವ್ಯವಧಾನ ಯಾವ ಮಗುವಿಗೂ ಇಲ್ಲ. ಒಂದು ರೂಪಾಯಿಯ ಎಕ್ಲೇರ್‌ಗಂತೂ ಬಹುಕಾಲ ಇನ್ನೊಂದು ಉದ್ಯೋಗವಿತ್ತು: ಚಿಲ್ಲರೆ ಇಲ್ಲದಾಗ ಅಂಗಡಿಯವರು ಕೈಗಿಡುತ್ತಿದ್ದದ್ದು ಅದನ್ನೇ. ಬೇಕೆಂದು ಕೊಂಡವರಿಗಿಂತ ಬೇಡವೆನ್ನಲಾಗದೆ ಪಡೆದವರೇ ಹೆಚ್ಚಿದ್ದರೋ ಏನೋ! ಮೊಬೈಲಿನಲ್ಲಿ ನಯಾಪೈಸೆಯವರೆಗೆ ಪಾವತಿಸುವ ಈ ಕಾಲದಲ್ಲಿ ಆ ಉದ್ಯೋಗ ಬಹುಮಟ್ಟಿಗೆ ತಪ್ಪಿದೆ.

ಈ ಎಲ್ಲ ಏರ್ಪಾಟು ನಿಂತಿರುವುದು ಸರಪಳಿಯ ಮೇಲೆ. ಕಾರ್ಖಾನೆಯಿಂದ ಡಿಪೊ, ಅಲ್ಲಿಂದ ಜಿಲ್ಲೆಯ ವಿತರಕ, ಅಲ್ಲಿಂದ ತಾಲ್ಲೂಕಿನ ಸಗಟು ಅಂಗಡಿ, ಕೊನೆಗೆ ಹೋಬಳಿಯ ಪೆಟ್ಟಿಗೆ ಅಂಗಡಿ. ವಿತರಕನ ಗಾಡಿ ಪ್ರತಿ ವಾರ ಬರಬೇಕಾದರೆ ಅದರಲ್ಲಿ ಸಾಕಷ್ಟು ಬಗೆಯ ಸರಕಿರಬೇಕು. ಬಿಸ್ಕತ್ತು, ಪೇಯ, ಕಾಫಿ, ನೂಡಲ್ಸ್ ಎಲ್ಲ ಇರುವ ಕಂಪನಿಗೆ ಈ ಖರ್ಚು ಹಂಚಿಹೋಗುತ್ತದೆ. ನಾಲ್ಕಾರು ಚಾಕೊಲೇಟ್ ಮಾತ್ರ ಇರುವ ಸಂಸ್ಥೆಗೆ ಗಾಡಿಯ ಬಾಡಿಗೆಯೇ ಭಾರ. ಗುಜರಾತಿನ ಅಮುಲ್ ಈ ತೊಡಕನ್ನು ದಾಟಿದ್ದು ಹಾಲು, ಬೆಣ್ಣೆ, ಐಸ್‌ಕ್ರೀಮ್ ಸಾಗುವ ತಂಪು ಗಾಡಿಗಳಲ್ಲೇ ಚಾಕೊಲೇಟನ್ನೂ ಕಳುಹಿಸಿ. ಕ್ಯಾಂಪ್ಕೊ ಬಳಿ ಇರುವುದು ಅಡಿಕೆ, ಕಾಳುಮೆಣಸು. ಅಡಿಕೆ ಲಾರಿಯಲ್ಲಿ ಚಾಕೊಲೇಟ್ ಕಳುಹಿಸಲಾದೀತೆ?

ಹೆಸರಿನ ವಿಷಯವೂ ಇದೆ. ಕ್ಯಾಂಪ್ಕೊ ಎಂಬುದು ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿದ ಸಂಸ್ಥೆಯ ಹೆಸರು. ಕರಾವಳಿಯ ತೋಟಗಾರನಿಗೆ ಅದು ಆಪದ್ಬಾಂಧವನ ಹೆಸರು. ಅಡಿಕೆ ಧಾರಣೆ ಕುಸಿದಾಗ ನೆನಪಾಗುವುದು ಅದೇ. ಕೊಳ್ಳೇಗಾಲದ ಅಥವಾ ಕಲಬುರಗಿಯ ಮಗುವಿಗೆ ಆ ಶಬ್ದ ಏನನ್ನು ಹೇಳೀತು? ರೈತರ ಸ್ವಂತ ಚಾಕೊಲೇಟ್ ಎಂಬ ಕಥೆಯನ್ನು ನಾಡಿಗೆಲ್ಲ ಹೇಳುವ ಅವಕಾಶ ಈ ಸಂಸ್ಥೆಗೆ ಇದ್ದಷ್ಟು ಬೇರಾರಿಗೂ ಇರಲಿಲ್ಲ. ಆ ಕಥೆಯನ್ನು ಅದು ಸದಸ್ಯರಿಗೆ ಹೇಳಿದಷ್ಟು ಗಟ್ಟಿಯಾಗಿ ಗ್ರಾಹಕರಿಗೆ ಹೇಳಲಿಲ್ಲ ಎನ್ನದೆ ವಿಧಿಯಿಲ್ಲ.

ಅದೇ ಕಥೆಯನ್ನು ಈಗ ಹೇಳುತ್ತಿರುವವರು ಬೇರೆ. 2012ರಲ್ಲಿ ಮೈಸೂರಿನಲ್ಲಿ ಅರ್ಥ್ ಲೋಫ್ ಎಂಬ ಹೆಸರಿನಿಂದ ಆರಂಭವಾಗಿ ನಂತರ ನವಿಲುನಾ ಎಂದಾದ ಸಣ್ಣ ತಯಾರಿಕಾ ಘಟಕ (ಹೆಸರಿನ ಮೊದಲರ್ಧ ಕನ್ನಡದ ಕಿವಿಗೆ ನವಿಲೆಂದೇ ಕೇಳುತ್ತದೆ) ದಕ್ಷಿಣ ಭಾರತದ ತೋಟಗಳ ಕೋಕೊ ಬೀಜದಿಂದಲೇ ಬಾರ್ ಮಾಡಿ ಮಾರತೊಡಗಿತು. ಪುದುಚೇರಿ, ಕೊಚ್ಚಿ, ಹೈದರಾಬಾದುಗಳಲ್ಲೂ ಇಂಥವು ತಲೆಯೆತ್ತಿವೆ. ಬೀಜ ಯಾವ ಊರಿನದು, ಹೇಗೆ ಹುದುಗಿಸಿದ್ದು ಎಂಬುದನ್ನು ಹೊದಿಕೆಯ ಮೇಲೇ ಬರೆಯುತ್ತಾರೆ. ಬೆಲೆ ಸಾಮಾನ್ಯ ಬಾರಿನ ಹಲವು ಪಟ್ಟು. ಇವು ಬಿಳಿಗೆರೆಯ ಅಂಗಡಿಗೆ ಬರುವ ಸರಕಲ್ಲ, ಅಲ್ಲಿ ಬರಬೇಕಾಗಿಯೂ ಇಲ್ಲ. ಬೆಂಗಳೂರಿನ ಗ್ರಾಹಕ ಊರಿನ ಹೆಸರಿಗೆ ಹಣ ಕೊಡಲು ಸಿದ್ಧನಿದ್ದಾನೆ ಎಂಬುದನ್ನು ಅವು ತೋರಿಸಿಕೊಟ್ಟಿವೆ. ಪುತ್ತೂರು, ಸುಳ್ಯ, ವಿಟ್ಲ ಎಂಬ ಹೆಸರುಗಳನ್ನೂ ಹೀಗೆ ಹೊದಿಕೆಯ ಮೇಲೆ ತರಬಹುದು.

ಈ ಚರ್ಚೆಗೆ ಈಗ ತುರ್ತೂ ಒದಗಿದೆ. ವಿಶ್ವದ ಕೋಕೊದಲ್ಲಿ ಅರ್ಧಕ್ಕೂ ಹೆಚ್ಚು ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾಗಳಲ್ಲಿ ರೋಗ ಮತ್ತು ಪ್ರತಿಕೂಲ ಹವೆಯಿಂದ ಫಸಲು ಕೈಕೊಟ್ಟು, 2024ರಲ್ಲಿ ಜಾಗತಿಕ ಧಾರಣೆ ಟನ್ನಿಗೆ 10,000 ಡಾಲರ್ ದಾಟಿತು. ವರ್ಷಾಂತ್ಯಕ್ಕೆ 12,000ವನ್ನೂ ಮೀರಿತು. ಅಡಿಕೆ ತೋಟದ ಮೂಲೆಯಲ್ಲಿ ಅಳಿಲಿಗೆ ಬಿಟ್ಟಿದ್ದ ಗಿಡಗಳತ್ತ ರೈತರು ಮತ್ತೆ ತಿರುಗಿ ನೋಡಿದರು, ಸಸಿಗಳಿಗೆ ಬೇಡಿಕೆ ಬಂತು. 2025ರಲ್ಲಿ ಬೆಲೆ ಇಳಿಮುಖವಾಯಿತು. ಬೀಜದ ಬೆಲೆ ನ್ಯೂಯಾರ್ಕ್, ಲಂಡನ್ ಮಾರುಕಟ್ಟೆಗಳಲ್ಲಿ ನಿಗದಿಯಾಗುವವರೆಗೆ ಈ ಏರಿಳಿತಕ್ಕೆ ರೈತ ಒಗ್ಗಿಕೊಳ್ಳಲೇಬೇಕು. ಕಂಪನಿಗೆ ಅದರ ಪೆಟ್ಟು ಅಷ್ಟಾಗಿ ತಾಗದಿರುವುದು ಹೆಸರಿನ ಬಲದಿಂದ: ಕೋಕೊ ಇಳಿದರೂ ಡೈರಿ ಮಿಲ್ಕಿನ ಬೆಲೆ ಇಳಿಯುವುದಿಲ್ಲ.

ತೆರಿಗೆಯ ಬದಲಾವಣೆಯನ್ನೂ ಇಲ್ಲಿ ಹೇಳಬೇಕು. 2017ರಲ್ಲಿ ಜಿಎಸ್‌ಟಿ ಬಂದಾಗ ಚಾಕೊಲೇಟಿನ ಮೇಲೆ ಶೇ. 28ರಷ್ಟು ತೆರಿಗೆ ಇತ್ತು. ಅದೇ ನವೆಂಬರಿನಲ್ಲಿ ಶೇ. 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5. ಐದು, ಹತ್ತು ರೂಪಾಯಿಯ ಪೊಟ್ಟಣಗಳ ಬೆಲೆಯನ್ನು ನಾಣ್ಯದ ಲೆಕ್ಕದಿಂದಾಗಿ ಕದಲಿಸಲಾಗದು. ಹೀಗಾಗಿ ಲಾಭವನ್ನು ಗ್ರಾಹಕನಿಗೆ ದಾಟಿಸಲು ಉಳಿದ ದಾರಿ ತೂಕ ಹೆಚ್ಚಿಸುವುದು. ಮುಂದಿನ ಬಾರಿ ಅಂಗಡಿಗೆ ಹೋದಾಗ ಹೊದಿಕೆಯ ಹಿಂಬದಿಯನ್ನು ತಿರುಗಿಸಿ ಓದಬಹುದು: ಗ್ರಾಂ ಎಷ್ಟು, ಕೋಕೊ ಎಷ್ಟು, ಸಸ್ಯಜನ್ಯ ಕೊಬ್ಬು ಎಷ್ಟು, ತಯಾರಾದ ಊರು ಯಾವುದು. ಆ ಕೊನೆಯ ಸಾಲಿನಲ್ಲಿ ಪುತ್ತೂರು ಎಂದಿದ್ದರೆ ಅದನ್ನು ಮಾಡಿದ್ದು ಕೆಮ್ಮಿಂಜೆಯ ರೈತರ ಕಾರ್ಖಾನೆ.